ಅದೇ ಪಾಳಿಯಲ್ಲಿ ಹೇಳಿದರೆ ದಂಡವಿಲ್ಲ

ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಅಕ್ಕಿ ಮಿಲ್ಲು. ಹಮಾಲರನ್ನು ಬಿಟ್ಟು ಹದಿನೆಂಟು ಜನ, ಎರಡು ಪಾಳಿ. "ಆಳಿಗೆ ಅಂಜಿಕೆ ಇಲ್ದಿದ್ರೆ ಮಿಲ್ಲು ಮುಳುಗ್ತದೆ" ಅಂತ ಮಂಡಿಯಲ್ಲಿ ನನಗೆ ಬುದ್ಧಿ ಹೇಳಿದವರಿದ್ದಾರೆ. ಎರಡು ಸೀಸನ್ ಕಳೆಯಿತು, ಅದು ಹಾಗಲ್ಲ ಅನ್ನುವುದಕ್ಕೆ ಈಗ ನನ್ನ ಹತ್ತಿರ ಲೆಕ್ಕ ಇದೆ.

ಶುರುವಾಗಿದ್ದು ಒಂದು ಬೋಲ್ಟಿನಿಂದ. ಭದ್ರಾ ನಾಲೆಯ ಭತ್ತ ಬರುವ ಕಾಲ, ರಾತ್ರಿ ಪಾಳಿ. ಭತ್ತ ಮೇಲೆತ್ತುವ ಎಲಿವೇಟರಿನ ಬೋಲ್ಟ್ ಕಳಚಿ, ಹೊಟ್ಟು ಸುಲಿಯುವ ಶೆಲ್ಲರಿಗೆ ಬಿದ್ದು, ಅದರ ರಬ್ಬರ್ ರೋಲ್ ಗಾಯವಾಯಿತು. ಆಪರೇಟರ್ ಕಂಡ, ಹೇಳಲಿಲ್ಲ. ಎರಡು ರೋಲ್‌ಗಳ ನಡುವಿನ ಗ್ಯಾಪ್ ಬಿಗಿ ಮಾಡಿ ಬೆಳಗಿನ ತನಕ ಓಡಿಸಿದ. ನುಚ್ಚೋ ನುಚ್ಚು. ರೋಲ್ ಜೋಡಿ ಬದಲಿಸಿದ್ದರೆ ನಾಲ್ಕೈದು ಸಾವಿರಕ್ಕೆ ಮುಗಿಯುತ್ತಿದ್ದದ್ದು 30 ಸಾವಿರದ ಹತ್ತಿರ ಹೋಯಿತು. ಯಾಕಪ್ಪಾ ಹೇಳಲಿಲ್ಲ ಅಂದರೆ, "ಹೋದ್ಸಲ ಬೆಲ್ಟ್ ಹರಿದಾಗ ಹೇಳಿದ್ದೆ ಸಾವ್ಕಾರ್ರೆ. ಎರಡು ಸಾವಿರ ಹಿಡಿದ್ರಿ" ಅಂದ.

ಹಿಡಿದಿದ್ದು ನಿಜ. 1936ರ ವೇತನ ಪಾವತಿ ಕಾಯ್ದೆಯಲ್ಲೇ ದಂಡ ಸಂಬಳದ ಶೇ 3 ಮೀರಬಾರದು, ಹಾನಿ ಅಂತ ಹಿಡಿಯುವುದಾದರೂ ಮೊದಲು ಅವನ ಸಮಜಾಯಿಷಿ ಕೇಳಬೇಕು ಅಂತಿತ್ತು. ನಾನು ಅವನನ್ನು ಒಂದು ಮಾತೂ ಕೇಳಿರಲಿಲ್ಲ.

ಆಳುಗಳು ತಪ್ಪನ್ನು ಬಾಯಿಬಿಟ್ಟು ಹೇಳಲಿ ಅಂತ, ಮೊದಲು ಆಫೀಸಿನ ಬಾಗಿಲಲ್ಲಿ ಚೀಟಿ ಹಾಕುವ ಪೆಟ್ಟಿಗೆ ಇಟ್ಟೆ. ಮೂರು ತಿಂಗಳಲ್ಲಿ ಒಂದು ಚೀಟಿ ಬೀಳಲಿಲ್ಲ. ನನ್ನ ಕಣ್ಣೆದುರೇ ಬಂದು ಹಾಕುವವರು ಯಾರು? ತರಬೇತಿ ಕೊಡುವವರೊಬ್ಬರನ್ನು ಕರೆಸಿ 6 ಸಾವಿರ ಕೊಟ್ಟೆ. ಚಪ್ಪಾಳೆ ಬಿತ್ತು, ಮರುದಿನ ಮತ್ತೆ ಬಾಯಿಗೆ ಬೀಗ. ತಪ್ಪು ತಿಳಿಸಿದವರಿಗೆ ನೂರು ರೂಪಾಯಿ ಇನಾಮು ಅಂದೆ. ಅದು ಎಲ್ಲಕ್ಕಿಂತ ಕೆಟ್ಟದ್ದಾಯಿತು, ಒಬ್ಬರ ಮೇಲೊಬ್ಬರು ಚಾಡಿ ಹೇಳತೊಡಗಿದರು.

ಆಮೇಲೆ ಗೋಡೆ ಮೇಲೆ ಬರೆಸಿದೆ: ಅದೇ ಪಾಳಿಯಲ್ಲಿ ಹೇಳಿದ ತಪ್ಪಿಗೆ ಒಂದು ರೂಪಾಯಿಯೂ ಹಿಡಿಯುವುದಿಲ್ಲ. ಯಾರೂ ನಂಬಲಿಲ್ಲ. ಅಷ್ಟರಲ್ಲಿ ನಾನೇ ತೇವ ನೋಡದೆ ಒಂದು ಲೋಡ್ ಭತ್ತ ತೂಗಿಸಿ 22 ಸಾವಿರ ಕಳೆದುಕೊಂಡೆ. ಪಾಳಿ ಬದಲಾಗುವಾಗ ಎಲ್ಲರ ಮುಂದೆ ನಿಂತು ಅದನ್ನು ಹೇಳಿದೆ. ವಾರದೊಳಗೆ ಡ್ರೈಯರ್ ಹುಡುಗ ಬಂದ. "ಅಣ್ಣಾ, ಬೇಗ ಮುಗೀಲಿ ಅಂತ ಬಿಸಿ ಜಾಸ್ತಿ ಮಾಡ್ಬಿಟ್ಟೆ." ಸಿಟ್ಟು ನೆತ್ತಿಗೇರಿತ್ತು, ನುಂಗಿಕೊಂಡೆ. ಭತ್ತದ ತೇವ ಇನ್ನೂ ಶೇ 18ರ ಹತ್ತಿರ ಇತ್ತು. ಅಲ್ಲೇ ನಿಲ್ಲಿಸಿ, ಬಿನ್ನಿನಲ್ಲಿ ಆರೇಳು ತಾಸು ಬಿಟ್ಟು, ನಿಧಾನಕ್ಕೆ 14ಕ್ಕೆ ಇಳಿಸಿದೆವು. ಕಾಳು ಬಿರಿಯದೆ ಬಹುಪಾಲು ಉಳಿಯಿತು. ಹಾಗೆ ಹೇಳಲು ಬಂದವನಿಗೆ ನಾನು ಮೊದಲು ಕೇಳುವ ಪ್ರಶ್ನೆ ಒಂದಿದೆ. ಇಲ್ಲಿ ಬರೆಯುವುದಿಲ್ಲ, ಅದರಲ್ಲಿ "ಯಾರು" ಅನ್ನುವ ಪದ ಇಲ್ಲ ಅಂತ ಮಾತ್ರ ಹೇಳುತ್ತೇನೆ.

ತಿಂಗಳಿಗೆ ಮೂರೋ ನಾಲ್ಕೋ ತಪ್ಪು ಬರೆದಿರುತ್ತಿದ್ದ ಪುಸ್ತಕದಲ್ಲಿ ಎರಡನೇ ತಿಂಗಳಿಗೆ ನಲವತ್ತರ ಹತ್ತಿರ ಆಯಿತು. "ನೋಡು, ಸಡಿಲ ಬಿಟ್ಟೆ" ಅಂದರು ಮಂಡಿಯವರು. ಆ ನಲವತ್ತೂ ಮೊದಲೂ ಇದ್ದವು, ನುಚ್ಚಿನ ಚೀಲದಲ್ಲಿ ಅಡಗಿದ್ದವು.

ನಡುವೆ ಇನ್ನೊಂದು ಪ್ರಯೋಗ. ನನ್ನ ಬುಲೆಟ್ ಸದ್ದು ಕೇಳಿದ ಕೂಡಲೇ ಹುಡುಗರು ಯಂತ್ರ ಬಿಟ್ಟು ಪೊರಕೆ ಹಿಡಿಯುತ್ತಿದ್ದರು. ಹಾಗಾಗಿ ಹದಿನೈದು ದಿನ ಗಾಡಿ ದೂರ ನಿಲ್ಲಿಸಿ ನಡೆದು ಬಂದೆ. ಕದ್ದು ನೋಡಲು ಬರುತ್ತಾರೆ ಅಂತ ಸುದ್ದಿಯಾಯಿತು. ಈಗ ಗೇಟಿನಲ್ಲಿ ಹಾರ್ನ್ ಹೊಡೆದು, ಮೊದಲು ಚಹಾದ ಕಡೆ ಹೋಗಿ, ಆಮೇಲೆ ಯಂತ್ರದ ಹತ್ತಿರ ಬರುತ್ತೇನೆ.

ಕ್ವಿಂಟಲ್ ಅಕ್ಕಿಗೆ 14-15 ಕೆಜಿ ಬೀಳುತ್ತಿದ್ದ ನುಚ್ಚು ಈ ಸೀಸನ್ನಿನಲ್ಲಿ 9ಕ್ಕೆ ಬಂತು. ನಮ್ಮ ಬೀದಿಯ ಮಿಲ್ಲುಗಳಲ್ಲಿ ಇದನ್ನು ಯಾರೂ ತೋರಿಸಲಿಲ್ಲ.

ಅಕ್ಕಿ ಹಸನು ಮಾಡುವ ಹೆಣ್ಣುಮಕ್ಕಳು ಮಾತ್ರ ಇನ್ನೂ ಬಾಯಿ ಬಿಟ್ಟಿಲ್ಲ. ಅವರಿಗೆ ಭಯ ನನ್ನದಲ್ಲ, ಅವರ ಕೆಲಸ ನೋಡಿಕೊಳ್ಳುವ ಮುಕಾದಮನದ್ದು ಅಂತ ಮನೆಯವಳ ಹತ್ತಿರ ಹೇಳಿಕೊಂಡರಂತೆ. ಅವರ ಬಟವಾಡೆಯನ್ನು ಅವನ ಕೈಯಿಂದ ತಪ್ಪಿಸಿ ಮುಂದಿನ ತಿಂಗಳಿನಿಂದ ನಾನೇ ಕೊಡುತ್ತೇನೆ.