ಕ್ವಾಂಟಮ್ ಟನೆಲಿಂಗ್: ಕಣ ಎಷ್ಟಕ್ಕೊಮ್ಮೆ ಗೋಡೆ ದಾಟೀತು? ಫೋನಿನಲ್ಲೇ ಲೆಕ್ಕ ಹಾಕಿ

ಟನೆಲಿಂಗ್ ಎಂದರೇನು ಎಂದು ವಿಜಯಪುರದ ಬಿಎಸ್ಸಿ ವಿದ್ಯಾರ್ಥಿಗಳನ್ನು ಕೇಳಿ, ಪಟಪಟನೆ ಹೇಳುತ್ತಾರೆ: ದಾಟುವಷ್ಟು ಶಕ್ತಿ ಇಲ್ಲದ ಕಣವೂ ತಡೆಗೋಡೆಯ ಆಚೆ ಕಾಣಿಸಿಕೊಳ್ಳುವುದು. ಎಷ್ಟಕ್ಕೊಮ್ಮೆ ದಾಟುತ್ತದೆ ಎಂದರೆ ಮಾತ್ರ ಪೆನ್ನು ನಿಲ್ಲುತ್ತದೆ. ನಿಜವಾದ ಸ್ವಾರಸ್ಯ ಇರುವುದು ಅಲ್ಲೇ.

ಮೊದಲು ಮೂರು ಅಂಕಿ ಬರೆದುಕೊಳ್ಳಿ: ಗೋಡೆಯ ದಪ್ಪ ನ್ಯಾನೊಮೀಟರಿನಲ್ಲಿ (ಮೀಟರಿನ ನೂರು ಕೋಟಿಯಲ್ಲೊಂದು ಪಾಲು), ಕಣಕ್ಕೆ ಕಡಿಮೆ ಬಿದ್ದ ಶಕ್ತಿ ಎಲೆಕ್ಟ್ರಾನ್ ವೋಲ್ಟಿನಲ್ಲಿ (ಪರಮಾಣು ಮಟ್ಟದ ಶಕ್ತಿ ಅಳೆಯುವ ಮಾನ), ಕಣದ ದ್ರವ್ಯರಾಶಿ ಎಲೆಕ್ಟ್ರಾನಿನ ಎಷ್ಟು ಪಟ್ಟು ಎಂಬುದು.

ದ್ರವ್ಯರಾಶಿಯನ್ನು ಆ ಶಕ್ತಿಯ ಕೊರತೆಯಿಂದ ಗುಣಿಸಿ ವರ್ಗಮೂಲ ತೆಗೆಯಿರಿ. ಅದನ್ನು ದಪ್ಪದಿಂದ, ಆಮೇಲೆ 4.45ರಿಂದ ಗುಣಿಸಿ. ಉತ್ತರ 9 ಬಂತೆನ್ನಿ; ಒಂದರ ಮುಂದೆ 9 ಸೊನ್ನೆ ಹಾಕಿದಷ್ಟು ಸಲ ಬಡಿದರೆ ಕಣ ಸುಮಾರು ಒಮ್ಮೆ ದಾಟುತ್ತದೆ.

ಸ್ಕ್ಯಾನಿಂಗ್ ಟನೆಲಿಂಗ್ ಸೂಕ್ಷ್ಮದರ್ಶಕದಲ್ಲಿ ಲೋಹದ ಮೊನೆಗೂ ಮೇಲ್ಮೈಗೂ ನಡುವೆ ಎಲೆಕ್ಟ್ರಾನ್ ದಾಟಬೇಕಾದ ಅಂತರ 1 ನ್ಯಾನೊಮೀಟರ್, ಕೊರತೆ 4 ಎಲೆಕ್ಟ್ರಾನ್ ವೋಲ್ಟ್ ಇರಲಿ. ಉತ್ತರ 8.9. ಮೊನೆಯನ್ನು ಬರೀ 0.1 ನ್ಯಾನೊಮೀಟರ್ ಇಳಿಸಿ, ಉತ್ತರ 8.0. ಪರಮಾಣುವಿನ ಅಗಲಕ್ಕಿಂತ ಕಡಿಮೆ ಸರಿದದ್ದಕ್ಕೆ ವಿದ್ಯುತ್ ಸುಮಾರು 8 ಪಟ್ಟು ಏರಿತು! ಬಿನ್ನಿಗ್ ಮತ್ತು ರೋಹ್ರರ್ 1981ರಲ್ಲಿ ಕಟ್ಟಿದ ಉಪಕರಣ ಒಂದೊಂದೇ ಪರಮಾಣುವನ್ನು ಗುರುತಿಸುವುದು ಇದರ ಬಲದಿಂದ. 1986ರಲ್ಲಿ ಅವರಿಗೆ ನೊಬೆಲ್ ಬಂತು.

ಈಗ ಕಣ ಬದಲಿಸಿ. ಗೋಡೆ 0.1 ನ್ಯಾನೊಮೀಟರ್, ಕೊರತೆ 1 ಎಲೆಕ್ಟ್ರಾನ್ ವೋಲ್ಟ್. ಎಲೆಕ್ಟ್ರಾನಿಗೆ ಉತ್ತರ 0.45, ಅಂದರೆ ಸರಿಸುಮಾರು ಮೂರಕ್ಕೊಮ್ಮೆ. 1836 ಪಟ್ಟು ಭಾರದ ಪ್ರೋಟಾನಿಗೆ 19. ಗೋಳಗುಮ್ಮಟದ ಸುಮಾರು 3 ಮೀಟರ್ ದಪ್ಪದ ಗೋಡೆ, 1 ಗ್ರಾಂ ಹರಳು, 1 ಜೂಲ್ ಕೊರತೆ ಹಾಕಿ ನೋಡಿ: ಸೊನ್ನೆಗಳು ಎಷ್ಟೆಂದು ಬರೆಯಲಿಕ್ಕೇ 34 ಅಂಕಿ ಬೇಕು.

ಪರಮಾಣು ಬೀಜದಿಂದ ಆಲ್ಫಾ ಕಣ (ಎರಡು ಪ್ರೋಟಾನ್, ಎರಡು ನ್ಯೂಟ್ರಾನಿನ ಗುಂಪು) ಹೊರಬೀಳುವಲ್ಲಿ ಗೋಡೆ ಇಳಿಜಾರಾಗಿರುತ್ತದೆ; ತೆಳುವಾದ ಹೋಳುಗಳಾಗಿ ಸೀಳಿ, ಪ್ರತಿ ಹೋಳಿನ ಉತ್ತರ ಕೂಡಿಸಬೇಕು. ಥೋರಿಯಂ-232ರ ಆಲ್ಫಾಕ್ಕೆ ಸುಮಾರು 4 ಮೆಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿ, ಅರ್ಧಾಯುಷ್ಯ (ಅರ್ಧದಷ್ಟು ಪರಮಾಣುಗಳು ಒಡೆಯಲು ಹಿಡಿಯುವ ಕಾಲ) 1400 ಕೋಟಿ ವರ್ಷ. ಪೊಲೋನಿಯಂ-212ರದ್ದಕ್ಕೆ 8.8, ಅರ್ಧಾಯುಷ್ಯ ಸೆಕೆಂಡಿನ ಕೋಟಿ ಪಾಲಿನಲ್ಲಿ ಮೂರು ಪಾಲು. ಶಕ್ತಿ ಎರಡು ಪಟ್ಟಿಗಿಂತ ತುಸು ಹೆಚ್ಚು, ಅಷ್ಟೇ. 1928ರಲ್ಲಿ ಭೌತವಿಜ್ಞಾನಿ ಗ್ಯಾಮೊವ್ ಈ ಅಗಾಧ ಅಂತರವನ್ನು ಟನೆಲಿಂಗಿನಿಂದಲೇ ವಿವರಿಸಿದರು.

ಹಾಗಾದರೆ ದೊಡ್ಡದು ಯಾವುದೂ ದಾಟದೇ? 2025ರ ನೊಬೆಲ್ ಪಡೆದ ಕ್ಲಾರ್ಕ್, ಡೆವೊರೆ, ಮಾರ್ಟಿನಿಸ್ ಅತಿವಾಹಕ (ತಡೆಯಿಲ್ಲದೆ ವಿದ್ಯುತ್ ಹರಿಯುವ) ಸರ್ಕೀಟಿನಲ್ಲಿ ದೊಡ್ಡದೂ ದಾಟುವುದನ್ನು ತೋರಿಸಿದ್ದರು. ಅಲ್ಲಿ ಅಸಂಖ್ಯ ಎಲೆಕ್ಟ್ರಾನ್ ಜೋಡಿಗಳು ಒಂದೇ ಕಣದಂತೆ ವರ್ತಿಸುತ್ತವೆ. ಲೆಕ್ಕದಲ್ಲಿ ದ್ರವ್ಯರಾಶಿಯ ಜಾಗಕ್ಕೆ ಸರ್ಕೀಟಿನ ಕೆಪಾಸಿಟನ್ಸ್, ಅಂದರೆ ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯ, ಬರುತ್ತದೆ. ಅದು ಚಿಕ್ಕದಾಗಿದ್ದಷ್ಟೂ ದಾಟುವುದು ಸಲೀಸು.