ನಾನೇ ತೆಗೆದ ಫೋಟೊ, ಆದರೆ ನನ್ನದಲ್ಲ

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ. ಮದುವೆ ಆರ್ಡರ್‌ಗಳೇ ಜಾಸ್ತಿ. 3 ವರ್ಷದ ಹಿಂದೆ ಒಂದು ಧಾರೆಯ ಫೋಟೊ ತುಂಬಾ ಚೆನ್ನಾಗಿ ಬಂದಿತ್ತು. ಮದುಮಗಳು ತಲೆ ತಗ್ಗಿಸಿ ನಗುತ್ತಿದ್ದಾಳೆ, ಛತ್ರದ ಕಿಟಕಿಯ ಬೆಳಕು ಸೀರೆಯಂಚಿನ ಮೇಲೆ ಬಿದ್ದಿದೆ. ಆಲ್ಬಂ ಕೊಡುವ ಮೊದಲೇ ಸ್ಟುಡಿಯೊದ ಫೇಸ್‌ಬುಕ್ ಪೇಜಿಗೆ ಹಾಕಿಬಿಟ್ಟೆ. ಯಾರನ್ನೂ ಕೇಳಲಿಲ್ಲ. ಕೇಳಬೇಕು ಅಂತ ಹೊಳೆಯಲೂ ಇಲ್ಲ.

ದೀಪಾವಳಿ ಹೊತ್ತಿಗೆ ಹುಡುಗಿಯ ಅಪ್ಪ ಫೋನ್ ಮಾಡಿದರು. "ಏನಪ್ಪಾ, ನನ್ನ ಮಗಳನ್ನ ತಂದು ಬಸ್ ಸ್ಟ್ಯಾಂಡ್ ಎದುರು ನೇತು ಹಾಕಿದ್ದೀಯಲ್ಲ!" ಹೋಗಿ ನೋಡಿದರೆ ಸೀರೆ ಅಂಗಡಿಯೊಂದರ ಫ್ಲೆಕ್ಸ್. ನನ್ನದೇ ಫೋಟೊ. ಮೂಲೆಯಲ್ಲಿದ್ದ ಸ್ಟುಡಿಯೊ ಹೆಸರನ್ನು ಮಾತ್ರ ನೀಟಾಗಿ ಕತ್ತರಿಸಿದ್ದರು.

ಪರಿಹಾರ ಕೇಳೋಣ ಅಂತ ಪರಿಚಯದ ವಕೀಲರ ಹತ್ತಿರ ಓಡಿದೆ. ಅವರು ಕೇಳಿದ್ದು ಒಂದೇ: "ದುಡ್ಡು ಕೊಟ್ಟು ತೆಗೆಸಿದ್ದು ಯಾರು?" 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ತೋರಿಸಿದರು. ದುಡ್ಡು ಕೊಟ್ಟು ತೆಗೆಸಿದ ಫೋಟೊಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಮಾಲೀಕರು. ಜಾತ್ರೆಯಲ್ಲಿ ಸುಮ್ನೆ ನನ್ನ ಖುಷಿಗೆ ತೆಗೆದಿದ್ದರೆ ಮಾತು ಬೇರೆ. ಫೇಸ್‌ಬುಕ್ಕಿಗೆ ಹಾಕಿದರೆ ಅದು ಆ ಕಂಪನಿಯದಾಗುವುದಿಲ್ಲ, ಆದರೆ ಬಿಟ್ಟಿಯಾಗಿ ಬಳಸಲು ಆ ಕಂಪನಿಗೆ ನಾವು ಅನುಮತಿ ಕೊಟ್ಟ ಹಾಗೆ. ಅಂದರೆ ನನ್ನದಲ್ಲದ್ದಕ್ಕೆ ನಾನು ಅನುಮತಿ ಕೊಟ್ಟಿದ್ದೆ! ಮೊದಲು ಕೇಳದೆ ತಗೊಂಡವನು ನಾನೇ, ಅಂಗಡಿಯವರು ಎರಡನೆಯವರು. ಇದು ಮಾಲೀಕತ್ವದ ಮಾತಷ್ಟೇ ಅಲ್ಲ, ಹುಡುಗಿಯ ಖಾಸಗಿತನದ್ದೂ ಹೌದು. 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ಪುಟ್ಟಸ್ವಾಮಿಯವರ ಕೇಸಿನಲ್ಲಿ. ನಮ್ಮ ಹೈಕೋರ್ಟಿನಲ್ಲೇ ಜಡ್ಜ್ ಆಗಿದ್ದವರು ಅವರು. ನನಗೆ ಗೊತ್ತೇ ಇರಲಿಲ್ಲ.

ಫ್ಲೆಕ್ಸ್ ಇಳಿಯಿತು, ನಾನೂ ಪೋಸ್ಟ್ ಅಳಿಸಿದೆ. ಯಾರ್ಯಾರ ಮೊಬೈಲಲ್ಲಿ ಉಳಿದಿದೆಯೋ!

ಈಗ ಬಿಲ್ ಪುಸ್ತಕದಲ್ಲೇ ಎರಡು ಸಾಲು ಅಚ್ಚು ಹಾಕಿಸಿದ್ದೇನೆ: ಜಾಲತಾಣಕ್ಕೆ ಹಾಕಬಹುದು, ಬೇಡ. ಟಿಕ್ ಹಾಕಬೇಕಾದವರು ಗಂಡು ಹೆಣ್ಣು ಇಬ್ಬರೂ, ಅಡ್ವಾನ್ಸ್ ಕೊಡುವ ಮಾವ ಅಲ್ಲ. ಒಪ್ಪಿದರೂ ಚಿಕ್ಕ ಸೈಜಿನದ್ದನ್ನೇ ಹಾಕುತ್ತೇನೆ. ಹೆಸರು ಮೂಲೆಯಲ್ಲಿ ಬೇಡ, ಸೀರೆಯ ಮೇಲೇ ಅಡ್ಡಕ್ಕೆ. ನೋಡಲು ಚೆನ್ನಾಗಿರಲ್ಲ, ಇರಲಿ. ಮನೆ ಶಾಸ್ತ್ರಗಳನ್ನು ಮೊಬೈಲಲ್ಲಿ ತೆಗೆಯುವಾಗ ಕ್ಯಾಮೆರಾದ ಲೊಕೇಶನ್ ಆಫ್ ಮಾಡುತ್ತೇನೆ. ಅದು ಆನ್ ಇದ್ದು, ಫೋಟೊವನ್ನು ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದರೆ ಆ ಮನೆ ಎಲ್ಲಿದೆ ಅನ್ನುವುದೂ ಫೋಟೊ ಜೊತೆಗೇ ಹೋಗುತ್ತದೆ.

ಹೋದ ತಿಂಗಳು ಅದೇ ಹುಡುಗಿ ಮಗುವಿನ ನಾಮಕರಣಕ್ಕೆ ನನ್ನನ್ನೇ ಕರೆದರು. ಬಿಲ್ ಪುಸ್ತಕ ಮುಂದಿಟ್ಟೆ. 'ಬೇಡ'ಕ್ಕೆ ಟಿಕ್ ಹಾಕಿ, ಪೆನ್ನು ಗಂಡನ ಕೈಗೆ ಕೊಟ್ಟರು.