ಸ್ಕೋರ್‌ಬುಕ್ಕಿನ ಕೆಳಗೆ ಎರಡು ಚೌಕ

ನ್ಯೂಜೆರ್ಸಿಯಲ್ಲಿ ಮಗಳ ಹೈಸ್ಕೂಲ್ ಸಾಫ್ಟ್‌ಬಾಲ್ ತಂಡಕ್ಕೆ ಸ್ಕೋರ್ ಬರೆಯುವುದು ನನ್ನ ಕೆಲಸ. ನಾನು ಕ್ರಿಕೆಟ್ ನೋಡಿ ಬೆಳೆದವಳು. ರನ್ನರ್ ಅಂದ್ರೆ ಗಾಯ ಆದವರ ಬದಲು ಓಡುವವರು ಎಂದೇ ತಲೆಯಲ್ಲಿತ್ತು. ಇಲ್ಲಿನ ‘ಕರ್ಟಸಿ ರನ್ನರ್’ ಬೇರೆ. ಪಿಚರ್ (ಚೆಂಡು ಎಸೆಯುವವಳು) ಅಥವಾ ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವಳು) ತಾನು ಬ್ಯಾಟ್ ಮಾಡಿ ಬೇಸ್, ಅಂದ್ರೆ ಓಟದ ದಾರಿಯ ನಿಲ್ದಾಣ, ತಲುಪಿದರೆ, ಗಾಯ ಆಗದಿದ್ದರೂ ಬೆಂಚಿನಲ್ಲಿರುವ ಹುಡುಗಿ ಅವರ ಬದಲು ಓಡಬಹುದು. ಅಷ್ಟರಲ್ಲಿ ಕ್ಯಾಚರ್ ಕಾಲಿಗೆ ಗಾರ್ಡ್ ಕಟ್ಟಿಕೊಂಡು ರೆಡಿಯಾಗುತ್ತಾಳೆ. ಆಟಕ್ಕೆ ತಡ ಆಗುವುದಿಲ್ಲ.

ಒಂದು ಪಂದ್ಯದ 5ನೇ ಇನ್ನಿಂಗ್ಸ್. ಎರಡು ಔಟ್ ಆಗಿತ್ತು, ನಮ್ಮ ಕ್ಯಾಚರ್ ಎರಡನೇ ಬೇಸ್‌ನಲ್ಲಿದ್ದಳು. ಅವಳ ಬದಲು ಕಳಿಸಿದ ಹುಡುಗಿ ಅದಾಗಲೇ 2ನೇ ಇನ್ನಿಂಗ್ಸಿನಲ್ಲಿ ಪಿಚರ್‌ಗೆ ಓಡಿದ್ದಳು. ಒಂದೇ ಪಂದ್ಯದಲ್ಲಿ ಒಬ್ಬಳೇ ಇಬ್ಬರಿಗೂ ಓಡುವಂತಿಲ್ಲ. ಪಿಚರ್ ಒಂದು ಚೆಂಡು ಎಸೆದ ಮೇಲೆ ಎದುರು ತಂಡದ ಕೋಚ್ ಅಂಪೈರ್‌ಗೆ ಹೇಳಿದರು. ಎನ್‌ಎಫ್‌ಎಚ್‌ಎಸ್ (ಅಮೆರಿಕದ ಹೈಸ್ಕೂಲ್ ಕ್ರೀಡೆಗಳ ಒಕ್ಕೂಟ) ನಿಯಮದಲ್ಲಿ ಇದು ಅಕ್ರಮ ಬದಲಿ ಆಟಗಾರ್ತಿಯ ಲೆಕ್ಕಕ್ಕೆ ಬರುತ್ತದೆ. ಅವಳು ಔಟ್, ಜೊತೆಗೆ ಪಂದ್ಯ ಮುಗಿಯುವವರೆಗೂ ಬೆಂಚು ಬಿಟ್ಟು ಏಳುವಂತಿಲ್ಲ. ಹುಡುಗಿ ಅತ್ತುಬಿಟ್ಟಳು. ಕಳಿಸಿದ್ದು ದೊಡ್ಡವರು, ಶಿಕ್ಷೆ ಮಾತ್ರ ಮಗುವಿಗೆ. ಪುಸ್ತಕ ನನ್ನ ಕೈಯಲ್ಲೇ ಇತ್ತು, ನಾನು ನೋಡಬೇಕಿತ್ತು.

ಅವತ್ತಿನಿಂದ ಪುಟದ ಕೆಳಗೆ ಎರಡು ಚೌಕ ಹಾಕುತ್ತೇನೆ. ಒಂದು ಪಿಚರ್‌ಗೆ, ಒಂದು ಕ್ಯಾಚರ್‌ಗೆ. ಯಾರು ಓಡಿದರೂ ಅವಳ ಜರ್ಸಿ ನಂಬರ್ ಆಗಲೇ ಅಲ್ಲಿ ಬೀಳಬೇಕು. ಪಕ್ಕದಲ್ಲಿ ಬೆಂಚಿನಲ್ಲಿರುವ ಎಲ್ಲರ ನಂಬರ್. ಬೇರೆ ಯಾವ ರೀತಿಯಲ್ಲಾದರೂ ಆಟಕ್ಕೆ ಇಳಿದವಳ ನಂಬರಿಗೆ ಕೆಂಪು ಪೆನ್ನಿನಿಂದ ಗೆರೆ, ಯಾಕಂದ್ರೆ ಅವಳು ಆಮೇಲೆ ಕರ್ಟಸಿ ರನ್ನರ್ ಆಗುವಂತಿಲ್ಲ. ಕರ್ಟಸಿ ರನ್ನರ್ ಆಗಿ ಓಡಿದವಳನ್ನು ಅದೇ ಅರ್ಧ ಇನ್ನಿಂಗ್ಸಿನಲ್ಲಿ, ಅಂದ್ರೆ ತಂಡದ ಅದೇ ಬ್ಯಾಟಿಂಗ್ ಸರದಿಯಲ್ಲಿ, ಇನ್ನೊಬ್ಬಳ ಬದಲಿಯಾಗಿಯೂ ಇಳಿಸುವಂತಿಲ್ಲ. ಇದನ್ನು ತುಂಬಾ ಜನ ಮರೆಯುತ್ತಾರೆ.

ಬದಲಿ ಹುಡುಗಿಯನ್ನು ಕಳಿಸಿದ್ದನ್ನು ಅಂಪೈರ್‌ಗೆ ಹೇಳಲು ಮರೆತದ್ದು ಬೇರೆ ಮಾತು. ಹುಡುಗಿ ಆಡಲು ಅರ್ಹಳಾಗಿದ್ದರೆ ಮೊದಲ ಸಲ ತಂಡಕ್ಕೆ ಎಚ್ಚರಿಕೆ ಅಷ್ಟೇ. ಎರಡನೇ ಸಲ ಮುಖ್ಯ ಕೋಚ್ ಡಗೌಟ್‌ನಲ್ಲೇ ಕೂರಬೇಕು.

ಈಗ ಕೋಚ್ ಯಾರನ್ನಾದರೂ ಕಳಿಸುವ ಮೊದಲು ನನ್ನ ಕಡೆ ತಿರುಗುತ್ತಾರೆ. ನಾನು ಚೌಕ ನೋಡಿ ನಂಬರ್ ಕೂಗುತ್ತೇನೆ. ಅವತ್ತು ಅತ್ತ ಹುಡುಗಿ ಈ ಸೀಸನ್ ಪೂರ್ತಿ ಕ್ಯಾಚರ್ ಚೌಕದಲ್ಲೇ ಇದ್ದಾಳೆ.